ಅಂಕುಡೊಂಕು ಗೆರೆಯ ಕಥೆ

ವೃತ್ತವನ್ನು ಬರೆಯುವುದು ಸುಲಭ. ಕೆರೆಯ ಅಂಚನ್ನು ಬರೆಯುವುದು ಕಷ್ಟ. ಈ ಮಾತು ನನಗೆ ಮನವರಿಕೆಯಾದದ್ದು ಯಾವ ಗಣಿತ ಗ್ರಂಥದಿಂದಲೂ ಅಲ್ಲ, ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಮುಖಪುಟದಿಂದ. ಸಂಚಿಕೆಯ ಹೊಣೆ ಕನ್ನಡ ಅಧ್ಯಾಪಕನ ಹೆಗಲಿಗೆ ಬೀಳುವುದು ಎಲ್ಲ ಕಾಲೇಜುಗಳಲ್ಲಿಯೂ ನಡೆದುಬಂದ ವಾಡಿಕೆಯಷ್ಟೆ. ಒಂದು ವರ್ಷ ಮುಖಪುಟಕ್ಕೆ ಸಮೀಪದ ಹಳ್ಳಿಯ ಕೆರೆಯೊಂದರ ಆಕೃತಿಯನ್ನು ಹಾಕುವುದೆಂದು ಗೊತ್ತುಮಾಡಿದೆವು. ಆ ಹಳ್ಳಿಯವಳೇ ಆದ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಅದನ್ನು ಕಂಪ್ಯೂಟರಿನಲ್ಲಿ ಬರೆದುಕೊಡಲು ಮುಂದೆ ಬಂದಳು.

ಕೆರೆಯ ಒಂದು ಮಗ್ಗುಲು ಏರಿ. ಅದು ಮನುಷ್ಯರು ಕಟ್ಟಿದ್ದು, ಆದುದರಿಂದ ನೆಟ್ಟಗಿದೆ. ಹುಡುಗಿ ಅದನ್ನು ಒಂದೇ ಎಳೆತಕ್ಕೆ ಎಳೆದುಬಿಟ್ಟಳು. ಉಳಿದ ಮೂರು ಮಗ್ಗುಲನ್ನು ಯಾರೂ ಕಟ್ಟಿದವರಲ್ಲ. ನೆಲದ ಏರಿಳಿತಕ್ಕೆ ತಕ್ಕಂತೆ ನೀರು ಎಲ್ಲಿಯವರೆಗೆ ಹರಡಬಲ್ಲುದೋ ಅಲ್ಲಿಯವರೆಗೆ ಹರಡಿ ನಿಂತಿದೆ. ಅದೇ ಅದರ ಅಂಚು. ಈ ಅಂಚನ್ನು ಆಕೆ ಮೌಸನ್ನು ಪೆನ್ಸಿಲಿನಂತೆ ಹಿಡಿದು ಉಜ್ಜಿಕೊಂಡು ಹೋದಳು. ಬಂದ ಗೆರೆಯೋ ಚಳಿಜ್ವರ ಬಂದವನ ಸಹಿಯಂತಿದ್ದಿತು. ನೀರಿನ ಬಳುಕು ಅದರಲ್ಲಿ ಇರಲಿಲ್ಲ. ಇದ್ದದ್ದು ಕೈಯ ನಡುಕ ಮಾತ್ರ.

ಮುದ್ರಣಾಲಯದಲ್ಲಿ ಪುಟ ಜೋಡಿಸುವ ಯುವಕ ಅದನ್ನು ನೋಡಿ ನಕ್ಕು, “ಸರ್, ಇದರಲ್ಲಿ ಮುನ್ನೂರಕ್ಕೆ ಮೇಲೆ ಪಾಯಿಂಟುಗಳಿವೆ. ಹದಿನಾಲ್ಕು ಸಾಕು” ಎಂದ. ಹೇಳಿದಂತೆಯೇ ಹತ್ತು ನಿಮಿಷದಲ್ಲಿ ಹದಿನಾಲ್ಕು ಚುಕ್ಕಿಗಳನ್ನಿಟ್ಟು ಮತ್ತೆ ಬರೆದುಕೊಟ್ಟ. ಗೆರೆ ನೀರಿನಂತೆಯೇ ಹರಿದಿತ್ತು. ನಾನು ಮೆಚ್ಚಿಕೊಂಡು ಹುಡುಗಿಯ ಕಡೆ ತಿರುಗಿದೆ. ಆಕೆ ಮೌನವಾಗಿದ್ದಳು. “ಏನಮ್ಮ, ಚೆನ್ನಾಗಿಲ್ಲವೆ?” ಎಂದು ಕೇಳಿದೆ. “ಚೆನ್ನಾಗಿದೆ ಸರ್. ಆದರೆ ಇದು ನಮ್ಮ ಕೆರೆಯಲ್ಲ. ದನ ನೀರಿಗೆ ಇಳಿಯುವ ಕೊರಕಲು ಹೋಗಿಬಿಟ್ಟಿದೆ” ಎಂದಳು.

ಇಬ್ಬರೂ ಸರಿಯೆಂದೇ ನನಗೆ ತೋರಿತು. ಮುನ್ನೂರು ಚುಕ್ಕಿಗಳಿಂದ ಕೆಟ್ಟ ಗೆರೆ ಹದಿನಾಲ್ಕರಿಂದ ಸರಿಹೋಯಿತೇಕೆ? ಸರಿಹೋದ ಮೇಲೂ ಕೆರೆ ತಪ್ಪಿಹೋಯಿತೇಕೆ? ಈ ಎರಡು ಪ್ರಶ್ನೆಗಳ ಬೆನ್ನುಹತ್ತಿ ಹೊರಟವನಿಗೆ ದೊರೆತ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಚುಕ್ಕಿಯಿಟ್ಟು ಗೆರೆ ಎಳೆಯುವುದು ನಮ್ಮ ಮನೆಗಳಿಗೆ ಹೊಸದೇನೂ ಅಲ್ಲ. ಬೆಳಗಾಗೆದ್ದು ಅಂಗಳ ಸಾರಿಸಿ, ಸಾಲಾಗಿ ಚುಕ್ಕಿಗಳನ್ನಿಟ್ಟು, ಆ ಚುಕ್ಕಿಗಳ ನಡುವೆ ಅವನ್ನು ಮುಟ್ಟದಂತೆ ಬಳಸಿಕೊಂಡು ಹೋಗುವ ಎಳೆಯ ರಂಗೋಲಿಯನ್ನು ಬರೆದ ತಾಯಂದಿರನ್ನು ನಾವೆಲ್ಲ ಕಂಡಿದ್ದೇವೆ. ಚುಕ್ಕಿ ಗೆರೆಯ ಮೇಲೆ ಇರುವುದಿಲ್ಲ. ಆದರೂ ಗೆರೆಯ ದಾರಿಯನ್ನು ಗೊತ್ತುಮಾಡುವುದು ಚುಕ್ಕಿಯೇ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗುವುದು. ರಂಗೋಲಿಯ ಚುಕ್ಕಿಗಳು ಮಾತ್ರ ಶಿಸ್ತಾಗಿ ಸಾಲಿನಲ್ಲಿ ನಿಲ್ಲುತ್ತವೆ. ಕೆರೆಯ ಅಂಚಿಗೆ ಅಂತಹ ಸಾಲಿಲ್ಲ. ಕಷ್ಟವಿರುವುದು ಅಲ್ಲಿಯೇ.

ಕೈಯ ಗೆರೆ, ಮರದ ಪಟ್ಟಿ

ಬಳುಕುವ ಗೆರೆಯ ಹಿರಿಮೆಯನ್ನು ಎತ್ತಿ ಹಿಡಿದವರಲ್ಲಿ ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೋಗಾರ್ತ್ ಪ್ರಸಿದ್ಧನು. ೧೭೪೫ರಲ್ಲಿ ತನ್ನ ನಾಯಿಯೊಡನೆ ತನ್ನದೇ ಚಿತ್ರವನ್ನು ಬರೆದುಕೊಂಡಾಗ ಆತನು ಮುಂದುಗಡೆ ಬಣ್ಣದ ಹಲಗೆಯೊಂದನ್ನು ಇರಿಸಿ, ಅದರ ಮೇಲೆ ಹಾವಿನಂತೆ ಬಳುಕಿದ ಗೆರೆಯೊಂದನ್ನು ಕಾಣಿಸಿ, ಅದಕ್ಕೆ ಸೌಂದರ್ಯದ ರೇಖೆ ಎಂದು ಹೆಸರು ಬರೆದನು. ೧೭೫೩ರಲ್ಲಿ ಅದನ್ನೇ ಒಂದು ಗ್ರಂಥವಾಗಿ ವಿಸ್ತರಿಸಿದನು. ಅದರ ಚಿತ್ರಪಟದಲ್ಲಿ ಏಳು ಬಳುಕು ಗೆರೆಗಳು ಸಾಲಾಗಿ ನಿಂತಿವೆ. ಒಂದು ಕಡೆಯವು ತೀರ ನೆಟ್ಟಗಾಗಿ ಬಡಕಲಾದವು. ಇನ್ನೊಂದು ಕಡೆಯವು ತೀರ ಉಬ್ಬಿ ಒಡ್ಡಾದವು. ನಡುವಿನ ನಾಲ್ಕನೆಯದೇ ಹದವಾದದ್ದು ಎಂದು ಆತನ ತೀರ್ಪು. ತೀರ್ಪೇನೋ ಸೊಗಸಾಗಿದೆ. ಆದರೆ ನಾಲ್ಕನೆಯ ಗೆರೆಯನ್ನು ಚಿತ್ರ ತೋರಿಸದೆ, ಬರಿಯ ಮಾತಿನಲ್ಲಿ ಅಥವಾ ಲೆಕ್ಕದಲ್ಲಿ ಇನ್ನೊಬ್ಬರಿಗೆ ಹೇಗೆ ತಿಳಿಸುವುದು? ವೃತ್ತವಾದರೆ ನಡುಬಿಂದು, ತ್ರಿಜ್ಯ ಎಂಬ ಎರಡು ಮಾತು ಸಾಕು. ಬಳುಕು ಗೆರೆಗೆ ಅಂತಹ ಮಾತು ಆಗ ಇರಲಿಲ್ಲ.

ಚಿತ್ರಕಾರನಿಗೆ ಈ ಕೊರತೆ ಅಷ್ಟಾಗಿ ತಟ್ಟಲಿಲ್ಲ. ತಟ್ಟಿದ್ದು ಹಡಗು ಕಟ್ಟುವವರಿಗೆ. ಹಡಗಿನ ಹೊಟ್ಟೆ ವೃತ್ತವೂ ಅಲ್ಲ, ನೆಟ್ಟಗೂ ಇಲ್ಲ. ಅದರ ಬಾಗು ಎಲ್ಲಿಯೂ ಮುರಿಯದೆ ಹರಿಯಬೇಕು. ಅವರು ವಿಶಾಲವಾದ ಅಟ್ಟದ ನೆಲದ ಮೇಲೆ ಹಡಗಿನ ಗೆರೆಗಳನ್ನು ನಿಜವಾದ ಅಳತೆಯಲ್ಲಿಯೇ ಬರೆಯುತ್ತಿದ್ದರು. ಅದಕ್ಕೆ ಸಲಕರಣೆಯೆಂದರೆ ಸಪೂರವಾದ ಉದ್ದನೆಯ ಮರದ ಪಟ್ಟಿ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಪ್ಲೈನ್ ಎಂದು ಹೆಸರು. ಪಟ್ಟಿಯನ್ನು ಬೇಕಾದ ಕೆಲವು ಕಡೆ ಸೀಸದ ಗುಂಡುಗಳಿಂದ ಒತ್ತಿ ಹಿಡಿದರೆ, ಉಳಿದ ಕಡೆ ಮರ ತಾನಾಗಿಯೇ, ತನಗೆ ಕಡಿಮೆ ಶ್ರಮವಾಗುವ ರೀತಿಯಲ್ಲಿ, ಬಾಗಿಕೊಳ್ಳುತ್ತಿತ್ತು. ಆ ಗುಂಡುಗಳ ಆಕಾರವನ್ನು ನೋಡಿ ಕೆಲಸದವರು ಅವನ್ನು ಬಾತುಗಳೆಂದು ಕರೆಯುತ್ತಿದ್ದರು. ಕೆಲವು ಬಾತುಗಳು, ಒಂದು ಪಟ್ಟಿ: ಹಡಗಿನ ಬಾಗು ಸಿದ್ಧ. ಹದಿನಾಲ್ಕು ಚುಕ್ಕಿ ಸಾಕೆಂದ ನಮ್ಮ ಯುವಕನ ಗುಟ್ಟು ಈ ಅಟ್ಟದ ಮೇಲೆ ಆಗಲೇ ಇದ್ದಿತು. ೧೯೪೬ರಲ್ಲಿ ಷೋನ್‌ಬರ್ಗ್ ಎಂಬ ಗಣಿತಜ್ಞರು ಇದೇ ನಡೆಯ ಗೆರೆಗಳನ್ನು ಸಮೀಕರಣಗಳಲ್ಲಿ ಹಿಡಿದಾಗ, ಅವಕ್ಕೂ ಆ ಮರದ ಪಟ್ಟಿಯ ಹೆಸರನ್ನೇ ಇಟ್ಟರು.

ಆದರೆ ಮರದ ಪಟ್ಟಿಯನ್ನು ಕಂಪ್ಯೂಟರಿನೊಳಗೆ ಇಡಲು ಬರುವುದಿಲ್ಲ. ೧೯೬೩ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವನ್ ಸದರ್ಲೆಂಡ್ ಎಂಬ ತರುಣರು ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ರಚಿಸಿ, ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಚಿತ್ರ ಬರೆದು ತೋರಿಸಿದರು. ಕಂಪ್ಯೂಟರ್ ಚಿತ್ರಕಲೆಯ ಚರಿತ್ರೆಯಲ್ಲಿ ಅದು ದೊಡ್ಡ ದಿನ. ಆದರೂ ಆ ಯಂತ್ರ ಮುಖ್ಯವಾಗಿ ಬರೆಯಬಲ್ಲುದಾಗಿದ್ದುದು ಸರಳರೇಖೆಯನ್ನು ಮತ್ತು ವೃತ್ತದ ತುಣುಕನ್ನು. ಎಂದರೆ, ಏರಿಯನ್ನು ಬರೆಯಬಹುದಿತ್ತು, ಕೆರೆಯನ್ನಲ್ಲ. ಕೆರೆಯನ್ನು ಬರೆಯುವ ಉಪಾಯ ಅದಕ್ಕೆ ನಾಲ್ಕು ವರ್ಷ ಮೊದಲೇ ಫ್ರಾನ್ಸಿನ ಕಾರು ಕಾರ್ಖಾನೆಯೊಂದರಲ್ಲಿ ಹುಟ್ಟಿತ್ತು. ಹುಟ್ಟಿದ ಸುದ್ದಿ ಮಾತ್ರ ಹೊರಗೆ ಬಂದಿರಲಿಲ್ಲ.

ನಾಲ್ಕು ಚುಕ್ಕಿಗಳ ಉಪಾಯ

ಕಾರಿನ ಮೈಯೂ ಹಡಗಿನಂತೆಯೇ ಬಾಗುಗಳ ರಾಶಿ. ಕಲಾವಿದನು ಅದನ್ನು ಜೇಡಿಯಲ್ಲಿ ತಿದ್ದಿ ತೋರಿಸುವನು. ಅದನ್ನು ನೋಡಿ ಇನ್ನೊಬ್ಬನು ನಕ್ಷೆ ಬರೆಯುವನು. ನಕ್ಷೆಯನ್ನು ನೋಡಿ ಮತ್ತೊಬ್ಬನು ಅಚ್ಚು ತಯಾರಿಸುವನು. ಕೈಯಿಂದ ಕೈಗೆ ದಾಟುವಾಗ ಬಾಗು ಕೂದಲೆಳೆಯಷ್ಟು ಬದಲಾಗುತ್ತಲೇ ಹೋಗುವುದು. ಕೊನೆಗೆ ಬಾಗಿಲು ಚೌಕಟ್ಟಿಗೆ ಕೂಡದೆ ಹೋದಾಗ ತಪ್ಪು ಯಾರದೆಂದು ಹೇಳುವುದು ಕಷ್ಟ. ಅಂಕೆಗಳ ಅಪ್ಪಣೆಯಂತೆ ಲೋಹವನ್ನು ಕೊರೆಯುವ ಯಂತ್ರಗಳು ಆ ಕಾಲಕ್ಕೆ ಬಂದಿದ್ದವು. ಆದರೆ ಯಂತ್ರಕ್ಕೆ ಹೇಳಲು ಬಾಗಿನ ಅಂಕೆ ಯಾರ ಬಳಿಯಲ್ಲಿಯೂ ಇರಲಿಲ್ಲ.

೧೯೫೮ರಲ್ಲಿ ಸಿಟ್ರೊಯೆನ್ ಸಂಸ್ಥೆಗೆ ಪಾಲ್ ದ ಕಾಸ್ಟೆಲ್ಜೋ ಎಂಬ ಗಣಿತಜ್ಞರು ಬಂದು ಸೇರಿದರು. ಮೂವತ್ತು ತುಂಬದ ವಯಸ್ಸು. ಮರುವರ್ಷವೇ, ಎಂದರೆ ೧೯೫೯ರಲ್ಲಿ, ಅವರು ಒಂದು ಉಪಾಯವನ್ನು ಬರೆದಿಟ್ಟರು. ಅದರ ಸರಳತೆಯನ್ನು ವಾಚಕರು ಪೆನ್ಸಿಲು ಹಿಡಿದು ತಾವೇ ನೋಡಬಹುದು.

ಕಾಗದದ ಮೇಲೆ ನಾಲ್ಕು ಚುಕ್ಕಿಗಳನ್ನಿಡಿ. ಮೊದಲನೆಯದೂ ಕೊನೆಯದೂ ನೆಲದ ಮೇಲೆ, ೮ ಅಂಗುಲ ದೂರದಲ್ಲಿರಲಿ. ಎರಡನೆಯದು ಮೊದಲನೆಯದರ ನೇರ ಮೇಲೆ ೪ ಅಂಗುಲ ಎತ್ತರದಲ್ಲಿ, ಮೂರನೆಯದು ಕೊನೆಯದರ ನೇರ ಮೇಲೆ ಅಷ್ಟೇ ಎತ್ತರದಲ್ಲಿ ಇರಲಿ. ಈಗ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಗೆರೆ ಎಳೆದು, ಪ್ರತಿಯೊಂದರ ನಟ್ಟನಡುವೆ ಗುರುತು ಮಾಡಿ. ಮೂರು ಗುರುತುಗಳಾದುವು. ಅವನ್ನು ಕೂಡಿಸಿ, ಆ ಎರಡು ಗೆರೆಗಳ ನಡುವನ್ನು ಮತ್ತೆ ಗುರುತಿಸಿ. ಎರಡಾದುವು. ಆ ಎರಡನ್ನು ಕೂಡಿಸಿದ ಗೆರೆಯ ನಡುವೆ ಕೊನೆಯ ಗುರುತು ಮಾಡಿ. ಅದು ನೆಲದಿಂದ ಸರಿಯಾಗಿ ೩ ಅಂಗುಲ ಎತ್ತರದಲ್ಲಿರುತ್ತದೆ. ನಮ್ಮ ಬಾಗು ಹಾದುಹೋಗುವುದು ಆ ಗುರುತಿನ ಮೂಲಕ. ಗುರುತಿನ ಎಡಕ್ಕೊಂದು, ಬಲಕ್ಕೊಂದು ಹೊಸ ನಾಲ್ಕು ಚುಕ್ಕಿಗಳ ತಂಡ ತಾನಾಗಿಯೇ ಸಿದ್ಧವಾಗಿರುತ್ತದೆ. ಅಲ್ಲಿಯೂ ಇದನ್ನೇ ಮಾಡಿ. ಹೀಗೆ ಅರ್ಧದ ಅರ್ಧ ಮಾಡುತ್ತ ಹೋದರೆ ಚುಕ್ಕಿಗಳು ಒತ್ತಾಗಿ ನಿಂತು ಒಂದು ನುಣುಪಾದ ಕಮಾನು ಮೂಡುವುದು. ಕೂಡುವುದು, ಎರಡರಿಂದ ಭಾಗಿಸುವುದು: ಪ್ರಾಥಮಿಕ ಶಾಲೆಯ ಹುಡುಗನ ಲೆಕ್ಕಕ್ಕಿಂತ ಹೆಚ್ಚಿನದೇನೂ ಇಲ್ಲ.

ನಡುವಿನ ಎರಡು ಚುಕ್ಕಿಗಳನ್ನು ಗೆರೆ ಮುಟ್ಟಲೇ ಇಲ್ಲ ಎಂಬುದನ್ನು ಗಮನಿಸಬೇಕು. ಅವು ದೂರದಲ್ಲಿ ನಿಂತು ಗೆರೆಯನ್ನು ತಮ್ಮ ಕಡೆಗೆ ಸೆಳೆಯುತ್ತವೆ, ಅಷ್ಟೆ. ಎರಡೂ ಒಂದೇ ಮಗ್ಗುಲಿಗಿದ್ದರೆ ಕಮಾನು. ಒಂದು ಮೇಲಕ್ಕೂ ಒಂದು ಕೆಳಕ್ಕೂ ಇದ್ದರೆ ಅಲೆ; ಹೋಗಾರ್ತನು ಚಿತ್ರದಿಂದ ಮಾತ್ರ ತೋರಿಸಬಲ್ಲವನಾಗಿದ್ದ ಬಳುಕಿಗೆ ಕೊನೆಗೂ ಒಂದು ಲೆಕ್ಕ ಸಿಕ್ಕಿದಂತಾಯಿತು. ಚುಕ್ಕಿಯನ್ನು ದೂರಕ್ಕೆ ಎಳೆದರೆ ಉಬ್ಬು ಹೆಚ್ಚು. ಹತ್ತಿರಕ್ಕೆ ತಂದರೆ ಕಡಿಮೆ. ಬಡಕಲಿಗೂ ಒಡ್ಡಿಗೂ ನಡುವಿನ ಹದ ಈಗ ಬೆರಳ ತುದಿಗೆ ಬಂದಿತು.

ಹೆಸರಿನ ವಿಚಾರ

ಇಷ್ಟು ದೊಡ್ಡ ಉಪಾಯವನ್ನು ಕಂಡುಹಿಡಿದವರ ಹೆಸರನ್ನು ಆ ಗೆರೆಗೆ ಇಟ್ಟಿರಬೇಕೆಂದು ವಾಚಕರು ಊಹಿಸಬಹುದು. ಹಾಗಾಗಲಿಲ್ಲ. ಇಂದು ಜಗತ್ತೆಲ್ಲ ಅದನ್ನು ಬೆಜಿಯೇ ಗೆರೆ ಎಂದು ಕರೆಯುತ್ತದೆ. ಸಿಟ್ರೊಯೆನ್ ಸಂಸ್ಥೆ ಇದನ್ನು ವ್ಯಾಪಾರದ ಗುಟ್ಟೆಂದು ಬಗೆದು ಮುಚ್ಚಿಟ್ಟುಕೊಂಡಿತು. ಕಾಸ್ಟೆಲ್ಜೋ ಅವರ ೧೯೫೯ರ ಮತ್ತು ೧೯೬೩ರ ಬರಹಗಳು ಹೊರಗಿನ ವಿದ್ವಾಂಸರ ಕೈಗೆ ಸಿಕ್ಕಲಿಲ್ಲ.

ಇತ್ತ ರೆನೋ ಎಂಬ ಇನ್ನೊಂದು ಕಾರು ಸಂಸ್ಥೆಯಲ್ಲಿ ಪಿಯೆರ್ ಬೆಜಿಯೇ ಎಂಬ ಎಂಜಿನಿಯರರಿದ್ದರು. ೧೯೧೦ರಲ್ಲಿ ಹುಟ್ಟಿದ ಅವರು ೧೯೩೩ರಲ್ಲಿಯೇ ರೆನೋ ಸೇರಿ ಯಂತ್ರಗಳ ನಡುವೆ ಬೆಳೆದವರು. ಐವತ್ತರ ವಯಸ್ಸಿನಲ್ಲಿ, ೧೯೬೦ರ ಸುಮಾರಿಗೆ, ಅವರು ಇದೇ ಸಮಸ್ಯೆಗೆ ಕೈಹಾಕಿದರು. ಅವರು ಹಿಡಿದ ದಾರಿ ಬೇರೆ. ಒಂದು ಪೆಟ್ಟಿಗೆಯೊಳಗೆ ಒಂದು ಬಾಗನ್ನು ಕಲ್ಪಿಸಿಕೊಂಡು, ಪೆಟ್ಟಿಗೆಯನ್ನು ಓರೆ ಮಾಡಿದರೆ ಒಳಗಿನ ಬಾಗೂ ಅದರೊಡನೆ ಓರೆಯಾಗುವುದೆಂಬ ಭಾವನೆಯಿಂದ ಹೊರಟು, ಕೊನೆಗೆ ಅದೇ ಗೆರೆಯನ್ನು ಮುಟ್ಟಿದರು. ಯೂನಿಸರ್ಫ್ ಎಂಬ ವ್ಯವಸ್ಥೆಯನ್ನು ಕಟ್ಟಿ ಕಾರಿನ ವಿನ್ಯಾಸಕ್ಕೆ ಬಳಸಿ ತೋರಿಸಿದರು. ಮುಖ್ಯವಾಗಿ, ತಾವು ಮಾಡಿದ್ದನ್ನು ಬರೆದು ಪ್ರಕಟಿಸಿದರು. ರೆನೋ ಅದಕ್ಕೆ ಅಡ್ಡಿ ಬರಲಿಲ್ಲ.

೧೯೭೨ರಲ್ಲಿ ಫಾರೆಸ್ಟ್ ಎಂಬ ಬ್ರಿಟಿಷ್ ವಿದ್ವಾಂಸರು, ಬೆಜಿಯೇ ಗೆರೆಯ ಮೂಲದಲ್ಲಿರುವುದು ಸೆರ್ಗೈ ಬರ್ನ್‌ಸ್ಟೈನ್ ಎಂಬ ಗಣಿತಜ್ಞರು ೧೯೧೨ರಲ್ಲಿ ಬೇರೆಯೇ ಕಾರಣಕ್ಕೆ ರಚಿಸಿದ್ದ ಸೂತ್ರಗಳೆಂದು ತೋರಿಸಿಕೊಟ್ಟರು. ಅರ್ಧ ಶತಮಾನ ಯಾವ ಚಿತ್ರಕ್ಕೂ ಉಪಯೋಗಕ್ಕೆ ಬಾರದೆ ಮಲಗಿದ್ದ ಸೂತ್ರ ಅದು. ಎಪ್ಪತ್ತರ ದಶಕದಲ್ಲಿ ಜರ್ಮನಿಯ ವುಲ್ಫ್‌ಗಾಂಗ್ ಬೋಮ್ ಅವರಿಗೆ ಸಿಟ್ರೊಯೆನ್ನಿನ ಹಳೆಯ ಬರಹಗಳ ಪ್ರತಿ ದೊರೆತ ಮೇಲೆಯೇ ಕಾಸ್ಟೆಲ್ಜೋ ಅವರ ಹೆಸರು ಬೆಳಕಿಗೆ ಬಂದಿತು. ಅಷ್ಟರಲ್ಲಿ ಗೆರೆಗೆ ನಾಮಕರಣವಾಗಿಹೋಗಿತ್ತು. ಚುಕ್ಕಿಗಳನ್ನು ಅರ್ಧ ಮಾಡುತ್ತ ಹೋಗುವ ಕ್ರಮಕ್ಕೆ ಮಾತ್ರ ಕಾಸ್ಟೆಲ್ಜೋ ಕ್ರಮವೆಂಬ ಹೆಸರು ಉಳಿಯಿತು.

ಇದರಲ್ಲಿ ಬೆಜಿಯೇ ಅವರ ತಪ್ಪು ಏನೂ ಇಲ್ಲ. ಅವರು ಸ್ವಂತ ಬುದ್ಧಿಯಿಂದ ಕಂಡದ್ದನ್ನು ಲೋಕಕ್ಕೆ ಕೊಟ್ಟರು, ೧೯೯೯ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಸ್ಥಾಪಿತವಾದ ಪ್ರಶಸ್ತಿಯನ್ನು ೨೦೧೨ರಲ್ಲಿ ಕಾಸ್ಟೆಲ್ಜೋ ಅವರಿಗೆ ಕೊಡಲಾಯಿತು. ತಾನು ಮೊದಲು ಕಂಡ ಗೆರೆಗೆ ಇನ್ನೊಬ್ಬರ ಹೆಸರು. ಆ ಇನ್ನೊಬ್ಬರ ಹೆಸರಿನ ಪ್ರಶಸ್ತಿ ತನಗೆ. ಎಂಬತ್ತು ದಾಟಿದ ಆ ವೃದ್ಧರ ಮನಸ್ಸಿನಲ್ಲಿ ಆ ದಿನ ಏನು ಸುಳಿದಿರಬಹುದು! ೨೦೨೨ರಲ್ಲಿ ಅವರೂ ಕಾಲವಾದರು. ಶಾಸನಗಳಲ್ಲಿ ಕವಿಯ ಹೆಸರು ಉಳಿದು ಕಲ್ಲು ಕಡೆದವನ ಹೆಸರು ಅಳಿದುಹೋಗಿರುವ ಉದಾಹರಣೆಗಳನ್ನು ತರಗತಿಯಲ್ಲಿ ಹೇಳುವ ನನಗೆ ಈ ಸಂಗತಿ ತೀರ ದೂರದ್ದೆಂದು ತೋರಲಿಲ್ಲ. ಬರೆದದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವರ ಮನೆಯಲ್ಲಿ ಹೆಸರು ಬೆಳೆಯುವುದಿಲ್ಲ.

ಕಾರಿನಿಂದ ಕಾಗದಕ್ಕೆ

ಕಾರ್ಖಾನೆಯ ಗೆರೆ ಚಿತ್ರಕಾರನ ಮೇಜಿಗೆ ಬಂದದ್ದು ಅಮೆರಿಕದ ಮಾರ್ಗವಾಗಿ. ಸ್ಕೆಚ್‌ಪ್ಯಾಡಿನ ಸದರ್ಲೆಂಡ್ ಅವರು ಮುಂದೆ ಪಾಲುದಾರರಾಗಿ ಕಟ್ಟಿದ ಸಂಸ್ಥೆಯಲ್ಲಿ ಜಾನ್ ವಾರ್ನಾಕ್ ಎಂಬುವರು ಕೆಲಸ ಮಾಡುತ್ತಿದ್ದರು. ಆಮೇಲೆ ಅವರು ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯಕ್ಕೆ ಹೋಗಿ, ಚಾರ್ಲ್ಸ್ ಗೆಷ್ಕಿ ಅವರ ಜೊತೆಯಲ್ಲಿ, ಪುಟವನ್ನು ಮುದ್ರಣ ಯಂತ್ರಕ್ಕೆ ವಿವರಿಸುವ ಭಾಷೆಯೊಂದರ ರಚನೆಯಲ್ಲಿ ತೊಡಗಿದರು. ಜೆರಾಕ್ಸ್ ಅದನ್ನು ಹೊರಗೆ ಬಿಡಲು ಮನಸ್ಸು ಮಾಡಲಿಲ್ಲ. ಇಲ್ಲಿಯೂ ಅದೇ ಬೀಗ! ಆದರೆ ಇವರಿಬ್ಬರು ಸುಮ್ಮನೆ ಕೂಡಲಿಲ್ಲ. ೧೯೮೨ರ ಡಿಸೆಂಬರಿನಲ್ಲಿ ಹೊರಬಂದು ಅಡೋಬಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ೧೯೮೪ರಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯನ್ನು ಹೊರತಂದರು. ಅದರಲ್ಲಿ ಬಾಗಿಗೆಂದು ಇರುವ ಅಪ್ಪಣೆ ಒಂದೇ ಮಾತು: ಕರ್ವ್‌ಟು. ಲೇಖನಿ ನಿಂತ ಚುಕ್ಕಿ ಒಂದು, ಮುಂದೆ ಕೊಡುವ ಚುಕ್ಕಿಗಳು ಮೂರು, ಒಟ್ಟು ನಾಲ್ಕು. ಫ್ರಾನ್ಸಿನ ಆ ನಾಲ್ಕು ಚುಕ್ಕಿಗಳೇ.

ವಾರ್ನಾಕ್ ಅವರ ಪತ್ನಿ ಮಾರ್ವಾ ಅವರು ಸ್ವತಃ ವಿನ್ಯಾಸಕಿ. ಸಂಸ್ಥೆಯ ಮೊದಲ ಲಾಂಛನವನ್ನು ಬರೆದವರು ಅವರೇ. ಶಾಯಿಯ ಲೇಖನಿ, ಬಾಗು ಬರೆಯುವ ಅಚ್ಚುಪಟ್ಟಿ, ತಪ್ಪಿದರೆ ಮೊದಲಿನಿಂದ ಮತ್ತೆ ಬರೆಯುವ ಬವಣೆ, ಇವು ಆ ಕಾಲದ ವಿನ್ಯಾಸಕಾರರ ನಿತ್ಯದ ಪಾಡಾಗಿದ್ದವು. ಅದಕ್ಕೆ ಪರಿಹಾರವಾಗಿ ೧೯೮೭ರಲ್ಲಿ ಇಲಸ್ಟ್ರೇಟರ್ ಎಂಬ ತಂತ್ರಾಂಶ ಬಂದಿತು. ಅದರ ಗುರುತಾಗಿ ಬಹುಕಾಲ ನಿಂತದ್ದು ಇಟಲಿಯ ಬೊಟಿಚೆಲ್ಲಿ ಬರೆದ ವೀನಸ್ ದೇವಿಯ ಮುಖ. ಸಮುದ್ರದಿಂದ ಎದ್ದುಬಂದ ಆಕೆಯ ಕೂದಲು ಗಾಳಿಗೆ ಅಲೆಅಲೆಯಾಗಿ ಹಾರುತ್ತಿರುತ್ತದೆ. ಅಂಕುಡೊಂಕನ್ನು ಬರೆಯಬಲ್ಲೆನೆಂದು ಸಾರುವ ಯಂತ್ರಕ್ಕೆ ಇದಕ್ಕಿಂತ ತಕ್ಕ ಲಾಂಛನ ಬೇರೆ ಯಾವುದಿದ್ದೀತು?

ಈ ತಂತ್ರಾಂಶಗಳಲ್ಲಿ ಲೇಖನಿಯ ಸಲಕರಣೆ ಹಿಡಿದು ಒಮ್ಮೆ ಒತ್ತಿ ಬಿಟ್ಟರೆ ಮೂಲೆ. ಒತ್ತಿ ಎಳೆದರೆ ಬಾಗು. ಎಳೆದಾಗ ಚುಕ್ಕಿಯ ಎರಡು ಮಗ್ಗುಲಿಗೂ ಹಿಡಿಕೆಗಳೆಂಬ ಕಡ್ಡಿಗಳು ಮೂಡುತ್ತವೆ. ಕಡ್ಡಿಯ ತುದಿಯೇ ಕಾಸ್ಟೆಲ್ಜೋ ಅವರ ಸೆಳೆಯುವ ಚುಕ್ಕಿ. ಎರಡು ಕಡ್ಡಿಗಳೂ ಒಂದೇ ನೇರದಲ್ಲಿದ್ದರೆ ಒಂದು ಬಾಗು ಇನ್ನೊಂದು ಬಾಗಿನೊಳಕ್ಕೆ ಮುರಿಯದೆ ಹರಿಯುವುದು. ನೇರ ತಪ್ಪಿಸಿದರೆ ಅಲ್ಲೊಂದು ಮೊನೆ ಏಳುವುದು. ಅಲೆಯಂಚಿಗೂ ಹರಕು ಅಂಚಿಗೂ ಇರುವ ಭೇದ ಇಷ್ಟೆ. ನುರಿತವರು ಚುಕ್ಕಿಯನ್ನು ಗೆರೆ ದಿಕ್ಕು ಬದಲಿಸುವಲ್ಲಿ ಮಾತ್ರ ಇಡುತ್ತಾರೆ. ಹುಡುಗಿಯ ಗೆರೆಯಲ್ಲಿ ಮುನ್ನೂರು ಚುಕ್ಕಿಗಳೂ ತಮತಮಗೆ ತೋಚಿದ ಕಡೆಗೆ ಗೆರೆಯನ್ನು ಜಗ್ಗುತ್ತಿದ್ದವು. ಹಲವರು ಹಿಡಿದು ಎಳೆದ ತೇರು ನೆಟ್ಟಗೆ ಹೋಗುವುದು ಅಪರೂಪ. ಮೊದಲನೆಯ ಪ್ರಶ್ನೆಗೆ ಇದು ಉತ್ತರ.

ಇದು ಕನ್ನಡಿಗರಿಗೆ ಪರಕೀಯ ವಿಷಯವೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಲಿಪಿಯೇ ಬಾಗುಗಳ ತವರು. ೧೮೪೩ರ ಜುಲೈ ೧ರಂದು ಹೊರಟ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂದುದು. ಅಕ್ಷರಗಳನ್ನು ಕೈಯಿಂದಲೇ ಬರೆದು ಕಲ್ಲಿಗೆ ಇಳಿಸಬೇಕಾಗಿತ್ತು. ಆಮೇಲೆ ಸೀಸದ ಮೊಳೆಗಳ ಕಾಲ ಬಂದು ಹೋಯಿತು. ಇಂದು ಪತ್ರಿಕೆಯಲ್ಲಾಗಲಿ ಮೊಬೈಲಿನಲ್ಲಾಗಲಿ ಓದುವ ಕನ್ನಡ ಅಕ್ಷರದ ಹೊರಗೆರೆ ಚುಕ್ಕಿಗಳು ಸೆಳೆದ ಇಂತಹ ಬಾಗುಗಳ ಸರಪಣಿಯೇ. ಣಕಾರದ ಸುರುಳಿ, ಒತ್ತಕ್ಷರದ ಕೊಂಕು, ದೀರ್ಘದ ಬಾಲ, ಒಂದೊಂದನ್ನೂ ಯಾರೋ ಒಬ್ಬರು ಕುಳಿತು, ಚುಕ್ಕಿಯನ್ನು ಇಲ್ಲಿಡಲೋ ಅಲ್ಲಿಡಲೋ ಎಂದು ಆಲೋಚಿಸಿ ಬರೆದಿದ್ದಾರೆ.

ಒರಟು ಅಂಚಿನ ಸಮಸ್ಯೆ

ಇನ್ನು ಎರಡನೆಯ ಪ್ರಶ್ನೆ. ನುಣುಪು ಬಂದ ಮೇಲೂ ಕೆರೆ ತಪ್ಪಿಹೋದದ್ದೇಕೆ?

ನಿಸರ್ಗದ ಅಂಚು ಬರಿಯ ನುಣುಪಲ್ಲ. ಬೆನ್ವಾ ಮ್ಯಾಂಡೆಲ್‌ಬ್ರಾಟ್ ಅವರು ೧೯೬೭ರಲ್ಲಿ ಬ್ರಿಟನ್ನಿನ ಕರಾವಳಿಯ ಉದ್ದ ಎಷ್ಟೆಂಬ ಪ್ರಶ್ನೆಯನ್ನೆತ್ತಿ ಒಂದು ಪ್ರಬಂಧವನ್ನು ಬರೆದರು. ಅಳತೆಗೋಲು ಚಿಕ್ಕದಾದಷ್ಟೂ ಕರಾವಳಿಯ ಉದ್ದ ಹೆಚ್ಚುತ್ತ ಹೋಗುವುದು. ಕೊಲ್ಲಿಯೊಳಗೆ ಕಿರುಕೊಲ್ಲಿ, ಅದರೊಳಗೆ ಬಂಡೆಯ ಸಂದು, ಹೀಗೆ ಕೊನೆಯೇ ಇಲ್ಲ. ಈ ತತ್ತ್ವವನ್ನು ಚಿತ್ರಕ್ಕೆ ಇಳಿಸಿದವರಲ್ಲಿ ಬೋಯಿಂಗ್ ವಿಮಾನ ಸಂಸ್ಥೆಯಲ್ಲಿದ್ದ ಲೋರೆನ್ ಕಾರ್ಪೆಂಟರ್ ಒಬ್ಬರು. ೧೯೮೦ರಲ್ಲಿ ಅವರು ಕಿರುಚಿತ್ರವೊಂದರಲ್ಲಿ ಕಂಪ್ಯೂಟರಿನಿಂದ ಬೆಟ್ಟಗುಡ್ಡಗಳನ್ನು ಎಬ್ಬಿಸಿ ತೋರಿಸಿದರು. ಅದರ ಕ್ರಮವೇನು? ಗೆರೆಯನ್ನು ಅರ್ಧ ಮಾಡುವುದು. ನಡುಬಿಂದುವನ್ನು ಮನಬಂದಂತೆ ಸ್ವಲ್ಪ ಮೇಲಕ್ಕೋ ಕೆಳಕ್ಕೋ ತಳ್ಳುವುದು. ಮತ್ತೆ ಅರ್ಧ, ಮತ್ತೆ ತಳ್ಳುವುದು. ಕಾಸ್ಟೆಲ್ಜೋ ಅರ್ಧ ಮಾಡಿ ನುಣುಪನ್ನು ಪಡೆದರು. ಇವರು ಅರ್ಧ ಮಾಡಿಯೇ ಒರಟನ್ನು ಪಡೆದರು. ಒಂದೇ ಬೀಜದಿಂದ ಎರಡು ಗಿಡ!

ಇಂದಿನ ಚಿತ್ರ ತಂತ್ರಾಂಶಗಳಲ್ಲಿಯೂ ಅಂಚನ್ನು ಒರಟು ಮಾಡುವ ಅಪ್ಪಣೆ ಉಂಟು. ವೃತ್ತವೊಂದನ್ನು ಬರೆದು, ಏರಿಳಿತ ಎಷ್ಟಿರಬೇಕು, ಎಷ್ಟು ಒತ್ತಾಗಿರಬೇಕು ಎಂದು ಹೇಳಿದರೆ ಕ್ಷಣದಲ್ಲಿ ಅಂಚು ಅಂಕುಡೊಂಕಾಗುವುದು. ಮೋಡ, ಹರಿದ ಕಾಗದ, ಚೆಲ್ಲಿದ ಶಾಯಿ ಇವಕ್ಕೆ ಅದು ಧಾರಾಳವಾಗಿ ಸಾಕು. ಸಮನಾದ ಅಲೆಗಳು ಬೇಕಾದರೆ ಝಿಗ್‌ಝ್ಯಾಗ್ ಎಂಬ ಇನ್ನೊಂದು ಅಪ್ಪಣೆ ಉಂಟು. ಆದರೆ ಹೀಗೆ ಹುಟ್ಟುವುದು ಯಾವುದೋ ಒಂದು ಕೆರೆ; ಇಂತಹುದೇ ಕೆರೆ ಅಲ್ಲ.

ಕೈಯಿಂದ ಬರೆದ ಗೆರೆಯಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂಬುದನ್ನು ಮೊದಲು ಆಲೋಚಿಸಿದವರಲ್ಲಿ ಭೂಪಟ ಬರೆಯುವವರು ಮುಖ್ಯರು. ೧೯೭೩ರಲ್ಲಿ ಡಗ್ಲಸ್ ಮತ್ತು ಪಾಯ್ಕರ್ ಎಂಬಿಬ್ಬರು ಪ್ರಕಟಿಸಿದ ಕ್ರಮ ಹೀಗಿದೆ. ಅಂಕುಡೊಂಕು ಗೆರೆಯ ಎರಡು ತುದಿಗಳನ್ನು ನೇರವಾಗಿ ಕೂಡಿಸು. ಆ ನೇರ ಗೆರೆಯಿಂದ ಅತಿ ದೂರದಲ್ಲಿರುವ ಚುಕ್ಕಿ ಯಾವುದೆಂದು ನೋಡು. ಆ ದೂರ ನಾವು ಗೊತ್ತುಮಾಡಿದ ಮಿತಿಯನ್ನು ಮೀರಿದ್ದರೆ ಆ ಚುಕ್ಕಿಯನ್ನು ಉಳಿಸಿಕೊಂಡು, ಎರಡು ಕಡೆಯೂ ಹೀಗೆಯೇ ಮಾಡು. ಮೀರದಿದ್ದರೆ ನಡುವಿನ ಚುಕ್ಕಿಗಳನ್ನೆಲ್ಲ ಬಿಟ್ಟುಬಿಡು. ೧೯೯೦ರಲ್ಲಿ ಫಿಲಿಪ್ ಷ್ನೈಡರ್ ಎಂಬುವರು, ಕೈಗೆರೆಗೆ ಬೆಜಿಯೇ ಬಾಗುಗಳನ್ನೇ ಹೊಂದಿಸುವ ಕ್ರಮವನ್ನು ಪ್ರಕಟಿಸಿದರು. ಅಲ್ಲಿಯೂ ಒಂದು ಮಿತಿ ಇದೆ. ಗೆರೆ ಇಷ್ಟರೊಳಗೆ ತಪ್ಪಿದರೆ ಸೈರಿಸಿಕೊಳ್ಳುತ್ತೇನೆ, ಮೀರಿದರೆ ಇಲ್ಲ ಎಂಬ ಮಿತಿ. ನಡುಕ ಸಾಮಾನ್ಯವಾಗಿ ಆ ಮಿತಿಯೊಳಗಿರುತ್ತದೆ, ಆದುದರಿಂದ ಅಳಿದುಹೋಗುತ್ತದೆ. ನಮ್ಮ ಮುದ್ರಣಾಲಯದ ಯುವಕ ಲೆಕ್ಕ ಹಾಕದೆ ಕಣ್ಣಂದಾಜಿನಲ್ಲಿ ಮಾಡಿದ್ದು ಇದನ್ನೇ. ದನ ಇಳಿಯುವ ಕೊರಕಲು ಅವನ ಕಣ್ಣಿಗೆ ನಡುಕದಷ್ಟೇ ಚಿಕ್ಕದಾಗಿ ಕಂಡಿತು. ನಡುಕದೊಡನೆ ಅದೂ ಹೋಯಿತು. ಗಾತ್ರದಲ್ಲಿ ಎರಡೂ ಒಂದೇ. ಒಂದು ಕೈಯ ತಪ್ಪು, ಇನ್ನೊಂದು ಊರಿನ ದಾರಿ ಎಂಬ ಭೇದವನ್ನು ಅಳತೆ ತಿಳಿಯಲಾರದು. ಅದನ್ನು ತಿಳಿದಿದ್ದವಳು ಆ ಹುಡುಗಿ ಒಬ್ಬಳೇ.

ಕೊನೆಯ ಮಾತು

ವೃತ್ತ ಸುಲಭ, ಕೆರೆ ಕಷ್ಟ ಎಂದು ಮೊದಲಿಗೆ ಹೇಳಿದೆ. ಈಗ ಆ ಮಾತನ್ನು ಸ್ವಲ್ಪ ತಿದ್ದಬೇಕಾಗಿದೆ. ಬೆಜಿಯೇ ಗೆರೆಗೆ ನಿಜವಾದ ವೃತ್ತ ಬರುವುದೇ ಇಲ್ಲ! ಇಲಸ್ಟ್ರೇಟರಿನಂತಹ ತಂತ್ರಾಂಶದಲ್ಲಿ ನಾವು ಕಾಣುವ ವೃತ್ತ ನಾಲ್ಕು ಬಾಗುಗಳನ್ನು ಜೋಡಿಸಿ ಮಾಡಿದ ಅನುಕರಣ ಮಾತ್ರ. ತ್ರಿಜ್ಯದ ೧೦,೦೦೦ ಭಾಗದಲ್ಲಿ ೩ ಭಾಗದಷ್ಟೂ ತಪ್ಪಿಲ್ಲದ್ದರಿಂದ ಕಣ್ಣಿಗೆ ತಿಳಿಯುವುದಿಲ್ಲ, ಅಷ್ಟೆ. ಅದಕ್ಕೆ ಸಹಜವಾದದ್ದು ಬಳುಕು. ಸಾವಿರಾರು ವರ್ಷ ಕೈವಾರವನ್ನು ಪೂಜಿಸಿದ ರೇಖಾಗಣಿತದಲ್ಲಿ ಡೊಂಕು ಗೆರೆಗೂ ಒಂದು ಸ್ವಂತ ಮನೆಯಾದದ್ದು ಹೀಗೆ. ಆ ಮನೆಗೆ ಚುಕ್ಕಿಗಳನ್ನಿಡುವ ಕೆಲಸ ಮಾತ್ರ ಮನುಷ್ಯನ ಪಾಲಿಗೆ ಉಳಿದಿದೆ.

ಹುಡುಗಿ ಮತ್ತೆ ಕುಳಿತಳು. ಯುವಕನ ಹದಿನಾಲ್ಕು ಚುಕ್ಕಿಗಳನ್ನು ಹಾಗೆಯೇ ಇಟ್ಟುಕೊಂಡು, ಪಡುವಣ ಮಗ್ಗುಲಲ್ಲಿ ಇನ್ನು ಮೂರನ್ನು ಸೇರಿಸಿದಳು: ದನ ಇಳಿಯಲು ಒಂದು, ನೀರು ಕುಡಿಯಲು ಒಂದು, ಏರಿ ಬರಲು ಒಂದು. ಒಟ್ಟು ಹದಿನೇಳು. “ಈಗ ಸರಿಯಾಯಿತು ಸರ್” ಎಂದಳು. ಯುವಕನೂ ನೋಡಿ ಹೌದೆಂದ. ಸಂಚಿಕೆ ಆ ಚಿತ್ರದೊಡನೆಯೇ ಹೊರಬಂದಿತು.

ಎರಡು ವರ್ಷದ ಮೇಲೆ ಕೆರೆಯ ಸುತ್ತ ನಡೆಯುವ ದಾರಿಯೆಂದು ಕಲ್ಲು ಕಟ್ಟಿದರು. ಅಂಚು ನಾಲ್ಕು ಕಡೆಯೂ ನೆಟ್ಟಗಾಯಿತು. ದನಗಳು ಈಗ ಅಲ್ಲಿಗೆ ಬರುವುದಿಲ್ಲ. ಆ ಕೊರಕಲು ಇಂದು ಉಳಿದಿರುವುದು ನಮ್ಮ ಹಳೆಯ ಸಂಚಿಕೆಯ ಮುಖಪುಟದಲ್ಲಿ, ಮೂರು ಚುಕ್ಕಿಗಳ ನಡುವೆ.